ಎರಡು ಧ್ರುವದ ರೊಟ್ಟಿ

ಇಂದು ಊಟಕ್ಕೆ ಕೂತು ಖಡಕ್ ರೊಟ್ಟಿಯನ್ನು ಪಟ್ಟನೆ ಮುರಿದೆ ನೋಡಿ, ಶಹಾಬಾದಿನ ವಿಜ್ಞಾನದ ಮಾಸ್ತರರು ನೆನಪಾದರು.

ಹೈದರಾಬಾದ್ ಸಂಸ್ಥಾನದ ನಮ್ಮ ಕಡೆಯ ಶಾಲೆಗಳಿಗೆ ಕನ್ನಡ ಆಗಷ್ಟೇ ಕಾಲಿಡುತ್ತಿದ್ದ ಕಾಲ. ನಾನು ಭಂಕೂರಿನ ಗಣಿಯಿಂದ ನೆಲಕ್ಕೆ ಹಾಸುವ ಫರಸಿ ಕಲ್ಲು ತಂದು ಮಾರುತ್ತಿದ್ದೆ. ಬರಿಗೈಯಲ್ಲಿ ಮೇಲೆ ಬಂದವನು. ಕೇಳಲಿ ಬಿಡಲಿ, ಎಲ್ಲರಿಗೂ ಬುದ್ಧಿ ಹೇಳುವ ಚಟ. ಕಲ್ಲು ಕೊಂಡರೆ ದಪ್ಪನೆಯದನ್ನೇ ಕೊಳ್ಳಿ. ಹೆಣ್ಣು ನೋಡಲು ಹೋದಾಗಲೂ ನಾನು ಮೊದಲು ನೋಡಿದ್ದು ಅವರ ಮನೆಯ ನೆಲವನ್ನು.

ಮಾಸ್ತರರದು ಹಂಗಾಮಿ ನೌಕರಿ. ಇನ್‌ಸ್ಪೆಕ್ಟರ್ ಸಾಹೇಬರು ಪಾಠ ಮೆಚ್ಚಿದರೆ ಕಾಯಂ, ಇಲ್ಲದಿದ್ದರೆ ಮನೆಗೆ. ಪುಣ್ಯಾತ್ಮರು ಆರಿಸಿಕೊಂಡ ಪಾಠವೋ! ಸೂರ್ಯನಿಂದ ಹೊರಟ ವಿದ್ಯುತ್ ಕಣಗಳು ಭೂಮಿಯ ಧ್ರುವಗಳತ್ತ ತಿರುಗಿ, ಮೇಲಿನ ಗಾಳಿಗೆ ಬಡಿದು, ಆಕಾಶಕ್ಕೇ ದೀಪ ಹಚ್ಚುವ ಧ್ರುವಪ್ರಭೆ.

"ಶೇಠ್ರ, ಕಲ್ಲಿನ ಕೆಳಗ ಅಯಸ್ಕಾಂತ, ಅದೇ ಭೂಮಿ. ಮ್ಯಾಲ ಕಬ್ಬಿಣದ ಪುಡಿ ಉದುರಿಸಿದ್ರ ಕಣಗಳ ದಾರಿ ಕಾಣ್ತದ. ಒಂದು ತೆಳ್ಳನ್ನ ಕಲ್ಲು ಕೊಡ್ರಿ." ಎಂದು ಮಾಸ್ತರರು ನನ್ನಲ್ಲಿಗೆ ಬಂದರು. ಪುಡಿಯನ್ನು ವಾಡಿಯ ರೈಲ್ವೆಯವರನ್ನು ಕಾಡಿ ತಂದಿದ್ದರು.

"ತೆಳ್ಳಂದು ಕೊಟ್ಟು ಸಾಹೇಬ್ರ ಮುಂದ ನನ್ನ ಮರ್ಯಾದಿ ಕಳೀಬೇಕಂತೀರೇನ್ರಿ?" ಎಂದು, ಸಾಹೇಬರು ಪಾಠ ನೋಡಲು ಬರುವ ದಿನ ಎರಡು ಇಂಚು ದಪ್ಪದ ಹಾಸುಗಲ್ಲನ್ನು ನಾನೇ ಬಂಡಿಯಲ್ಲಿ ಹೇರಿಕೊಂಡು ಹೋದೆ.

ಮಾಸ್ತರರು ಪುಡಿ ಉದುರಿಸಿದರು, ಬಡಿದರು, ಊದಿದರು. ಬಿದ್ದಲ್ಲೇ ಬಿದ್ದಿತ್ತು.

"ಮಾಸ್ಟರ್ ಸಾಬ್, ನಿಮ್ಮ ಭೂಮಿ ರಜಾದ ಮ್ಯಾಲ ಅದ ಏನು?" ಎಂದರು ಸಾಹೇಬರು.

ಮಾಸ್ತರರ ಮುಖ ಬಿಳಿಚಿತು. ಅಯಸ್ಕಾಂತದ ಬಲವೆಲ್ಲ ನನ್ನ ಎರಡಿಂಚಿನ ಮರ್ಯಾದೆಯೊಳಗೇ ಸಿಕ್ಕಿಬಿದ್ದಿದೆ ಎಂದು ಆಗ ಹೊಳೆಯಿತು. ಬುತ್ತಿ ಬಿಚ್ಚಿದೆ. ಹೆಂಡತಿ ಕಾಗದದಂತೆ ಬಡಿದು ಒಣಗಿಸಿದ ಜೋಳದ ರೊಟ್ಟಿ.

"ಕಲ್ಲು ಬಿಡ್ರಿ, ಅಯಸ್ಕಾಂತದ ಮ್ಯಾಲ ಇದನ್ನಿಟ್ಟು ಉದುರಸ್ರಿ, ಮಾಸ್ತರ!"

ಬೆರಳಲ್ಲಿ ಒಮ್ಮೆ ತಟ್ಟಿದ್ದೇ ತಡ, ಪುಡಿ ಎದ್ದು ನಿಂತು, ಬಿಲ್ಲಿನಂತೆ ಬಾಗಿ, ಎರಡೂ ತುದಿಗಳಲ್ಲಿ ದಟ್ಟೈಸಿತು. ಮಾಸ್ತರರಿಗೆ ದನಿ ಬಂತು: "ಈ ಪುಡಿ ಆ ಕಣ ಅಲ್ಲ, ಸಾಹೇಬ್ರ, ಆದ್ರ ಅವು ಧ್ರುವಕ್ಕ ಹೋಗೋ ದಾರಿ ಇದೇ."

ಸಾಹೇಬರು ಬಹಳ ಹೊತ್ತು ಬಗ್ಗಿ ನೋಡಿದರು. "ನೌಕರಿ ಕಾಯಂ ಅಂತ ಬರೀತೀನಿ. ಶೇಠ್, ಧ್ರುವ ಇಲ್ಲದ ರೊಟ್ಟಿ ಇದ್ರ ನನಗೊಂದು ಕೊಡ್ರಿ."

ಹಾಸುಗಲ್ಲು ಶಾಲೆಯ ಮೆಟ್ಟಿಲಾಯಿತು. ಈ ಕತೆಯನ್ನು ಮಾತ್ರ ಇಷ್ಟು ವರ್ಷ ನನ್ನ ಜಾಣತನದ ಕತೆಯೆಂದೇ ಹೇಳಿಕೊಂಡು ಬಂದೆ. ಇಂದು ರೊಟ್ಟಿಯ ಚೂರು ಕೈಯಲ್ಲಿ ಹಿಡಿದು, ಕೊನೆಗೂ ಹೆಂಡತಿಯ ಮುಂದೆ ಒಪ್ಪಿಕೊಂಡೆ: "ಆ ಮಾಸ್ತರ ನೌಕರಿ ಉಳಿಸಿದ್ದು ನಿನ್ನ ರೊಟ್ಟಿ."

ಆಕೆ ತಟ್ಟೆಗೆ ಇನ್ನೊಂದು ಹಾಕಿದಳು. "ಗೊತ್ತದ. ಮಾಸ್ತರು ಮರುದಿನಾನೇ ಬಂದು ಹೇಳಿ ಹೋಗ್ಯಾರ. ನೀವು ಯಾವಾಗ ಹೇಳ್ತೀರಿ ಅಂತ ನೋಡ್ಲಿಕತ್ತಿದ್ದೆ."