ಪಿತ್ತ ಇಳಿಯಲೆಂದು ಮುಂದೆ ಹೋದ ಮದುವೆ

1964. ಜಯನಗರದಲ್ಲಿ ನಾನು ಕ್ಲಿನಿಕ್ ತೆರೆದು ಎರಡು ವರ್ಷವಾಗಿತ್ತು. ಬಡಾವಣೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳು ಹೆಚ್ಚು, ನನ್ನಲ್ಲಿ ಅನುಭವಕ್ಕಿಂತ ಜಂಭ ಹೆಚ್ಚು.

ಚಿಕ್ಕಲಸಂದ್ರದ ರೈತ ಮುನಿಯಪ್ಪನವರನ್ನು ಅವರ ತಮ್ಮ ನಂಜಪ್ಪ ಕರೆದುಕೊಂಡು ಬಂದ. ಮುನಿಯಪ್ಪನವರ ವಯಸ್ಸು ನಲವತ್ತೆಂಟು. ಊಟ ಸೇರದು, ಮೈ ಇಳಿದಿದೆ, ಬಲಪಕ್ಕೆಯಲ್ಲಿ ಭಾರ. ಕುಡಿತವಿಲ್ಲ. ತೋಳಿನ ಮೇಲೆ ಹಳೆಯ ಬರೆ, ಎಂದೋ ಕಾಮಾಲೆಯಾದಾಗ ಹಾಕಿಸಿಕೊಂಡದ್ದು. ಪಕ್ಕೆಲುಬಿನ ಕೆಳಗೆ ಕೈಯಿಟ್ಟೆ. ಲಿವರ್ ಕಲ್ಲಿನಂತೆ ಗಟ್ಟಿ, ಗಂಟುಗಂಟು.

ಆಗ ಸ್ಕ್ಯಾನ್ ಇರಲಿಲ್ಲ. ದೊಡ್ಡ ಆಸ್ಪತ್ರೆಗೆ ಕಳಿಸಿ ಬಯಾಪ್ಸಿ ಮಾಡಿಸಿದೆ. ಅಂದರೆ ಸೂಜಿಯಿಂದ ಲಿವರಿನ ಚೂರು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುವುದು. ಕ್ಯಾನ್ಸರ್. ಗಡ್ಡೆ ಒಂದೇ ಕಡೆ ಇದ್ದಿದ್ದರೆ ಕತ್ತರಿಸಿ ತೆಗೆಯಲು ಯತ್ನಿಸಬಹುದಿತ್ತು, ಎರಡೂ ಕಡೆ ಹಬ್ಬಿದೆ ಎಂದರು ಸರ್ಜನ್. ಬಹಳವೆಂದರೆ ಮೂರು ತಿಂಗಳು.

ನಂಜಪ್ಪ ಬಾಗಿಲ ಹೊರಗೆ ಕೈಮುಗಿದ. "ಅಣ್ಣಂಗೆ ಹೇಳ್ಬೇಡಿ ಸಾಮಿ, ಎದೆ ಒಡ್ಕೊಂಡ್ಬಿಡ್ತಾನೆ. ಪಿತ್ತ ಅನ್ನಿ."

ರೋಗಿಗೆ ಹೇಳದಿರುವುದೇ ಆಗಿನ ವಾಡಿಕೆ. ಒಳಗೆ ಹೋಗಿ, "ಪಿತ್ತ ಕೆರಳಿದೆ ಮುನಿಯಪ್ಪನವರೇ, ಇಳಿಯುತ್ತೆ" ಎಂದೆ. ಅವರ ಮುಖ ಅರಳಿತು. ನನಗೂ ಹಗುರವೆನಿಸಿತು. ಇವತ್ತಿಗೂ ನಾಚಿಕೆ ತರುವುದು ಅದೇ.

ಹದಿನೈದು ದಿನ ಬಿಟ್ಟು ಮತ್ತೆ ಬಂದರು. "ಮಗಳು ಲಕ್ಷ್ಮೀ ಮದ್ವೆ ಈ ತಿಂಗ್ಳೇ ಇತ್ತು ಡಾಕ್ಟ್ರೇ, ಮುಂದಕ್ಕೆ ಹಾಕ್ದೆ. ಪಿತ್ತ ಇಳೀಲಿ, ಗಟ್ಟಿಯಾಗಿ ನಿಂತ್ಕೊಂಡು ನಾನೇ ಧಾರೆ ಎರೀತೀನಿ."

ನಂಜಪ್ಪ ನೆಲ ನೋಡಿದ. ನಾನು ಚೀಟಿ ಬರೆಯುತ್ತ ಕೂತೆ. ಬಾಯಿ ಬಿಡಬೇಕಾದದ್ದು ಆಗಲೇ, ಬಿಡಲಿಲ್ಲ.

ಮುನಿಯಪ್ಪ ಹುಳಿ, ಖಾರ, ಎಣ್ಣೆ ಬಿಟ್ಟು ಶ್ರದ್ಧೆಯಿಂದ ಪಥ್ಯ ಮಾಡಿದರು. ಹೊಟ್ಟೆಯಲ್ಲಿ ನೀರು ತುಂಬಿತು, ಕಣ್ಣು ಹಳದಿಯಾಯಿತು. ಕೊನೆಯ ಸಲ ಮನೆಗೆ ಹೋದಾಗ ನನ್ನ ಕೈ ಹಿಡಿದುಕೊಂಡರು.

"ಹಳ್ದಿ ಹೊರಕ್ಕೆ ಬಂತಲ್ಲ, ಪಿತ್ತ ಇಳೀತು ಅಂತಲ್ವಾ?"

ಹೂಂ ಎಂದೆ. ಮೂರನೆಯ ದಿನ ತೀರಿಕೊಂಡರು.

ಈಗ ಸ್ಕ್ಯಾನ್ ಇದೆ. ಕಾಮಾಲೆ ತಂದು ಮುಂದೆ ಕ್ಯಾನ್ಸರಿಗೂ ದಾರಿ ಮಾಡುವ ಹೆಪಟೈಟಿಸ್-ಬಿ ವೈರಸ್ಸಿಗೆ ಲಸಿಕೆ ಇದೆ. ಬೇಗ ಗೊತ್ತಾದರೆ ಗಡ್ಡೆ ತೆಗೆಯುತ್ತಾರೆ, ಕೆಲವರಿಗೆ ಲಿವರನ್ನೇ ಬದಲಿಸುತ್ತಾರೆ. ಇವು ಯಾವುವೂ ಅಂದು ನನ್ನ ಕೈಯಲ್ಲಿರಲಿಲ್ಲ. ಆ ಮದುವೆಯನ್ನು ಅವರು ಕಣ್ಣಾರೆ ನೋಡುವಂತೆ ಮಾಡುವುದು ಮಾತ್ರ ಇತ್ತು.

ಮರುವರ್ಷ ಲಕ್ಷ್ಮಿಯ ಮದುವೆಗೆ ಹೋದೆ. ಧಾರೆ ಎರೆದವನು ನಂಜಪ್ಪ. ಕಾಲಿಗೆ ನಮಸ್ಕರಿಸಿ ಎದ್ದ ಹುಡುಗಿ ಕೇಳಿದಳು: "ಅಪ್ಪಂಗೆ ಪಿತ್ತ ಇಳೀತು ಅಂತ ನೀವೇ ಅಂದ್ರಂತಲ್ಲ ಡಾಕ್ಟ್ರೇ. ಮತ್ತೆ ಹೆಂಗೆ ಹೋದ್ರು?"

ಅವಳ ತಲೆಯ ಮೇಲೆ ಅಕ್ಷತೆ ಹಾಕಿ ಊಟಕ್ಕೂ ನಿಲ್ಲದೆ ಹೊರಟುಬಂದೆ. ಅಂದಿನಿಂದ ಇಂಥ ರಿಪೋರ್ಟ್ ಬಂದಾಗಲೆಲ್ಲ, ಮನೆಯವರನ್ನು ಹೊರಗೆ ಕೂರಿಸಿ ರೋಗಿಯನ್ನೇ ಮೊದಲು ಕೇಳುತ್ತೇನೆ: "ಮನೇಲಿ ಯಾವ ಕೆಲಸ ಮುಂದಕ್ಕೆ ಹಾಕಿದ್ದೀರಿ?"