ಕರಿ ನೂಲು ಬಿಚ್ಚಿದವಳು

ನನ್ನ ನಾದಿನಿಯನ್ನು ಎಲ್ಲರೂ ಗಂಟಲಕ್ಕ ಅಂತಲೇ ಕರೆಯುತ್ತಿದ್ದರು. ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ನಾವಿಬ್ಬರೂ ಬಟ್ಟೆ ಒಗೆಯುವ ಕೆಲಸಕ್ಕಿದ್ದೆವು. ಬಾಯ್ಲರ್ ಸದ್ದಿಗೆ ಪಕ್ಕದವಳ ಮಾತೂ ಕೇಳುತ್ತಿರಲಿಲ್ಲ. ಇಪ್ಪತ್ತು ವರ್ಷ ಅಲ್ಲಿ ಕೂಗಿ ಕೂಗಿ, ಅವಳು ಮನೆಯಲ್ಲಿ ಉಪ್ಪು ಕೇಳಿದರೂ ಜಗಳಕ್ಕೆ ಬಂದಂತಿರುತ್ತಿತ್ತು. "ನಿಮ್ಮ ತಂಗಿ ಗುಟ್ಟು ಹೇಳಿದರೆ ಮೂರು ಬೀದಿಗೆ ಕೇಳುತ್ತೆ" ಅಂತ ನನ್ನ ಗಂಡನನ್ನು ಛೇಡಿಸುತ್ತಿದ್ದೆ.

ಆಸ್ಪತ್ರೆಯಲ್ಲಿ ಹಾಸುಬಟ್ಟೆ ಎರಡು ಥರ. ಕೆಳಬೀದಿಯವರು, ಅಂದರೆ ನಮ್ಮ ಜನ, ಮಲಗುವ ಬಟ್ಟೆಯ ಮೂಲೆಗೆ ಕರಿ ನೂಲಿನ ಗುರುತು. ಮಿಕ್ಕವರ ಬಟ್ಟೆಗೆ ಗುರುತಿಲ್ಲ. ಅವರದ್ದು ಒಗೆದು ಉಳಿದ ನೀರಲ್ಲಿ ನಮ್ಮದನ್ನು ಒಗೆಯಬೇಕು. ಬೆರೆಸುವ ಹಾಗಿಲ್ಲ. ಆ ಗುರುತು ಹೊಲಿಯುತ್ತಿದ್ದವರೂ ನಾವೇ. ಯಾರೂ ತುಟಿಪಿಟಕ್ ಅನ್ನುತ್ತಿರಲಿಲ್ಲ. ಗಂಟಲಕ್ಕನೂ ಅಂದವಳಲ್ಲ.

ಒಂದು ಚಳಿಗಾಲ ಬಟ್ಟೆ ಒಣಗಲೇ ಇಲ್ಲ. ನಮ್ಮ ಬೀದಿಯ ದರ್ಜಿಯ ಹೆಂಡತಿ ಹೆರಿಗೆಯಾಗಿ ಮಲಗಿದ್ದಳು. ಆಯಾ ಬಂದು ಅವಳಿಗೆ ಹಾಸುಬಟ್ಟೆ ಕೇಳಿದಳು. ಗುರುತಿಲ್ಲದವು ಕಪಾಟಿನ ತುಂಬ ಇದ್ದವು. "ನಮ್ಮದು ಯಾವುದೂ ಒಣಗಿಲ್ಲ, ಹೋಗು" ಅಂದವಳು ಗಂಟಲಕ್ಕ. ಬಾಣಂತಿ ಎರಡು ದಿನ ಬರೀ ರೆಕ್ಸಿನ್ ಮೇಲೆ ಮಲಗಿದಳು. ಆರನೇ ದಿನ ಜ್ವರದಲ್ಲಿ ಸತ್ತಳು. ಚಳಿಗೇ ಸತ್ತಳೋ ಏನೋ ನನಗೆ ಗೊತ್ತಿಲ್ಲ, ಡಾಕ್ಟರು ಹೇಳಲಿಲ್ಲ.

ಗಂಟಲಕ್ಕ ಅನ್ನದ ಮುಂದೆ ಕೂತು ಹಾಗೇ ಎದ್ದುಬಿಡುತ್ತಿದ್ದಳು. "ಅತ್ತಿಗೆ, ಬಾಗಿಲಲ್ಲಿ ನಿಂತು ಇಲ್ಲ ಅಂದವರು ಮೇಲಿನವರಲ್ಲ. ನಾನು."

ಗುರುತು ತೆಗೆಯಿರಿ ಅಂತ ಎರಡು ಸಲ ಅರ್ಜಿ ಕೊಟ್ಟಳು. ಉತ್ತರ ಬರಲಿಲ್ಲ. ಒಂದು ಸೋಮವಾರ ಸೆರಗಿನಲ್ಲಿ ಕತ್ತರಿಗಳನ್ನು ಕಟ್ಟಿಕೊಂಡು ಬಂದಳು. ನಾವು ಹನ್ನೆರಡು ಹೆಂಗಸರು ಕೂತು ಗುರುತನ್ನೆಲ್ಲ ಬಿಚ್ಚಿದೆವು. ಸಂಜೆ ಸೂಪರ್‌ವೈಸರ್ ಬಂದು ನೋಡಿ ಬೆವರಿದ.

"ಯಾವುದು ಯಾರದು ಅಂತ ಹೇಗೆ ತಿಳಿಯಬೇಕು?"

"ಮಲಗಿದಾಗ ರೋಗಿದು ಸ್ವಾಮಿ. ಎದ್ದ ಮೇಲೆ ನಮ್ಮದು, ಒಗೆಯೋದಕ್ಕೆ" ಅಂದಳು ಗಂಟಲಕ್ಕ.

ಆಸ್ಪತ್ರೆಯ ಸ್ವತ್ತು ಹಾಳು ಮಾಡಿದರು ಅಂತ ಕೇಸಾಯಿತು. ಮುಂದಾಳು ಯಾರು ಅಂತ ಪೊಲೀಸರಿಗೆ ಬೇಕಿತ್ತು. ನಮ್ಮ ವಕೀಲರು, "ಏನು ಕೇಳಿದರೂ ಗೊತ್ತಿಲ್ಲ ಅನ್ನಿ. ಯಾರೂ ಬಾಯಿ ಬಿಡದಿದ್ದರೆ ಗಂಟಲಕ್ಕನಿಗೆ ಜೈಲಿಲ್ಲ" ಅಂದಿದ್ದರು. ನನಗಿಂತ ಮುಂಚೆ ಹೋದವರೆಲ್ಲ ಹಾಗೇ ಅಂದು ಬಂದರು.

ನನ್ನ ಸರದಿ ಬಂತು. ಇನ್‌ಸ್ಪೆಕ್ಟರು ಕುರ್ಚಿ ಕೊಟ್ಟರು, ಟೀ ತರಿಸಿದರು. ಕಾಗದ ನೋಡುತ್ತಾ, "ನಿನ್ನ ನಾದಿನಿ ಒಬ್ಬಳೇ ನಾನೂರು ಬಿಚ್ಚಿದಳಂತಲ್ಲಮ್ಮ" ಅಂದರು.

ನಮ್ಮ ಕೆಲಸದಲ್ಲಿ ಬಟ್ಟೆಯ ಎಣಿಕೆ ಸರಿಹೋಗದೆ ಮನೆಗೆ ಬಿಡುತ್ತಿರಲಿಲ್ಲ. ಒಬ್ಬಳು ತಪ್ಪು ಹೇಳಿದರೆ ಇನ್ನೊಬ್ಬಳು ತಿದ್ದಲೇಬೇಕು. ನನ್ನ ನಾಲಿಗೆ ಅಷ್ಟೇ ಮಾಡಿತು. "ಇಲ್ಲ ಸ್ವಾಮಿ, ಎಲ್ಲ ಸೇರಿ ಮುನ್ನೂರ ಹನ್ನೆರಡು. ಅವಳು ಬಿಚ್ಚಿದ್ದು ನಲವತ್ತೊಂದೇ."

ಅವರು ಬರೆದುಕೊಂಡರು. ಆಮೇಲೆ ಮಿಕ್ಕವರ ಹೆಸರು ಕೇಳಿದರು. ಆಗ ಬಾಯಿ ಮುಚ್ಚಿದೆ. ಮುಚ್ಚಿ ಏನು ಬಂತು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಕೋರ್ಟಿನಲ್ಲಿ ನನ್ನ ಹೇಳಿಕೆಯನ್ನು ಗಟ್ಟಿಯಾಗಿ ಓದಿದರು. ಅವಳಿಗೆ ಒಂದೂವರೆ ವರ್ಷ. ಅವತ್ತು ಮನೆಗೆ ಒಬ್ಬಳೇ ನಡೆದು ಬಂದೆ. ನನ್ನ ಗಂಡ ಹಿಂದೆ ಬರುತ್ತಿದ್ದರು, ಆದರೆ ಜೊತೆಗೆ ಬರಲಿಲ್ಲ.

ಗುರುತು ಮತ್ತೆ ಹಾಕಬಾರದು ಅಂತ ಕೆಳಬೀದಿಯವರು ಆಸ್ಪತ್ರೆಯ ಗೇಟಿನಲ್ಲಿ ದಿನಾ ನಿಲ್ಲತೊಡಗಿದರು. ನಾನು ತಿಂಗಳಿಗೊಮ್ಮೆ ಜೈಲಿಗೆ ಹೋಗುತ್ತಿದ್ದೆ. ಮೂರು ಸಲ ಗಂಟಲಕ್ಕ ಹೊರಗೇ ಬರಲಿಲ್ಲ. ನಾಲ್ಕನೇ ಸಲ ಬಂದಳು. ಮುಖ ಊದಿತ್ತು.

"ಅಳೋಕೆ ಬಂದಿದ್ರೆ ಎದ್ದು ಹೋಗು ಅತ್ತಿಗೆ. ಗೇಟಲ್ಲಿ ನಿಲ್ತಿದ್ದೀಯಾ?"

"ಅವರು ನನ್ನ ಸೇರಿಸಲ್ಲ ಕಣೆ."

"ಸೇರಿಸದಿದ್ರೆ ಪಕ್ಕದಲ್ಲಿ ನಿಲ್ಲು. ಗೇಟು ಅಗಲವಾಗೇ ಇದೆ."

ನಿಂತೆ. ಹತ್ತು ಹೆಜ್ಜೆ ದೂರದಲ್ಲಿ, ಎಂಟು ತಿಂಗಳು. ಎರಡನೇ ವಾರಕ್ಕೇ ಕೆಲಸ ಹೋಯಿತು. ಕೊನೆಗೆ, ಇನ್ನು ಯಾವ ಬಟ್ಟೆಗೂ ಗುರುತು ಬೇಡ ಅಂತ ಆದೇಶ ಬಂತು. ಗಂಟಲಕ್ಕನನ್ನು ಮಾತ್ರ ಬಿಡಲಿಲ್ಲ. ಆದೇಶ ಬೇರೆ, ಶಿಕ್ಷೆ ಬೇರೆ ಅಂದರು. ಸುದ್ದಿಯನ್ನು ನಾನೇ ಹೋಗಿ ಹೇಳಿದೆ. "ಸರಿ" ಅಂದಳು, ಕಾಲು ನೋವು ಅಂದಳು. ಹದಿನಾರನೇ ತಿಂಗಳು ಜೈಲಿನಲ್ಲೇ ಮೂತ್ರಪಿಂಡ ಕೆಟ್ಟು ಸತ್ತಳು. ಬಿಡುಗಡೆಗೆ ಇನ್ನು ಎರಡು ತಿಂಗಳಿತ್ತು.

ಈಗ ವರ್ಷಕ್ಕೊಮ್ಮೆ ಅವಳ ಹೆಸರಲ್ಲಿ ಸಭೆ ಮಾಡುತ್ತಾರೆ. ಭಾಷಣದಲ್ಲಿ "ಹತ್ತಿರದವರೊಬ್ಬರ ಬಾಯಿಂದ ಸಿಕ್ಕಿಬಿದ್ದಳು" ಅಂದು ಮುಂದೆ ಹೋಗುತ್ತಾರೆ. ನನ್ನ ಮರ್ಯಾದೆ ಕಾಯಲು ಹಾಗೆ ಮಾಡುತ್ತಾರೆ, ಅವರ ದೊಡ್ಡತನ. ಈಗಿನವರಿಗೆ ಅದು ಯಾರು ಅಂತ ಗೊತ್ತಿಲ್ಲ. ಯಾರ್ಯಾರ ಮೇಲೋ ಅನುಮಾನ ಪಡುವುದು ಬೇಡ. ಆ ಹತ್ತಿರದವಳು ನಾನು, ಅವಳ ಅಣ್ಣನ ಹೆಂಡತಿ.