ಹೊಸ್ತಿಲಲ್ಲಿ ತಡೆದ ಹೆಸರು

1961ರಲ್ಲಿ ಹರಿಹರದ ಆ ಹೈಸ್ಕೂಲಿನ ಎಸ್ಸೆಸ್ಸೆಲ್ಸಿ ತರಗತಿಯ ಹುಡುಗಿಯರೆಲ್ಲ ಒಂದೇ ಬೆಂಚಿನಲ್ಲಿ ಹಿಡಿಸುತ್ತಿದ್ದರು. ಬೆಂಚಿನ ತುದಿಯಲ್ಲಿ ಕೂರುತ್ತಿದ್ದವಳು ಉಡಚಮ್ಮ. ಅವಳ ತಂದೆ ಭರಮಣ್ಣ ಹೊಳೆದಂಡೆಯಲ್ಲಿ ಬದನೆ, ಸೌತೆ ಬೆಳೆದು ಸಂತೆಗೆ ಒಯ್ಯುತ್ತಿದ್ದವರು. ಆ ಮನೆತನದ ಗಂಡಸರಲ್ಲೂ ಅಷ್ಟು ದೂರ ಓದಿದವರಿರಲಿಲ್ಲ.

ಗಣಿತಕ್ಕೆ ಹೆದರದ ಉಡಚಮ್ಮ ಪದ್ಯಕ್ಕೆ ಹೆದರುತ್ತಿದ್ದಳು. ಸಾರಾಂಶವನ್ನು ಬಾಯಿಪಾಠ ಮಾಡಿ ಒಪ್ಪಿಸುವುದಷ್ಟೇ ಅವಳಿಗೆ ಗೊತ್ತಿದ್ದ ದಾರಿ. ಕನ್ನಡ ಕಲಿಸುತ್ತಿದ್ದ ಕರಿಬಸವರಾಜ ಮೇಷ್ಟ್ರಿಗೆ ಅದು ಸಾಲುತ್ತಿರಲಿಲ್ಲ. ಸಾರಾಂಶ ಮುಗಿದ ಮೇಲೆ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಸರಿ, ಕವಿ ಹೇಳದೆ ಬಿಟ್ಟಿದ್ದು ಏನು?" ಬೆಂಚಿನವರೆಲ್ಲ ತಲೆ ತಗ್ಗಿಸುತ್ತಿದ್ದರು.

ದಸರೆ ರಜೆ ಕಳೆದ ಮೇಲೆ ಮೇಷ್ಟ್ರು ಎಲ್ಲರಿಗೂ ನಾಲ್ಕು ಸಾಲು ಕಟ್ಟಿ ತರಲು ಹೇಳಿದರು. ವಸ್ತು ದೀಪ, ಆದರೆ ದೀಪ ಎಂಬ ಮಾತು ಕೊನೆಯವರೆಗೆ ಬರಕೂಡದು. ಉಡಚಮ್ಮ ಎದ್ದು ತನ್ನ ಸಾಲುಗಳನ್ನು ಓದಿದಾಗ ಹಿಂದಿನಿಂದ ಒಬ್ಬ ಹುಡುಗ, "ಸಾರ್, ಇದು ಪದ್ಯ ಅಲ್ಲ, ಒಡಪು. ಮದುವಿ ಮನೆಗೆ ಈಗಲೇ ತಯಾರಿ ನಡೆಸ್ಯಾಳೆ" ಎಂದ. ತರಗತಿ ನಕ್ಕಿತು. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂಬ ಕಟ್ಟಿನ ನಡುವೆ, ಮದುವೆಯ ಸಡಗರದಲ್ಲಿ ಮಾತ್ರ ಅದನ್ನು ಪ್ರಾಸದೊಳಗಿಟ್ಟು ಹೇಳಿಸುವ ಪದ್ಧತಿಯೇ ಒಡಪು.

ಮೇಷ್ಟ್ರು ನಗಲಿಲ್ಲ. "ಒಡಪೇ ಇರಲಿ. ಅದರಾಗೆ ಹೆಸರು ಕೊನೆಗೇ ಯಾಕ ಬರತೈತೆ, ಹೇಳು ನೋಡೋಣ."

ಉಡಚಮ್ಮ ನೋಟ್‌ಬುಕ್ ಮುಚ್ಚಿದಳು. "ಹೆಸರು ಬಂದ್ಮೇಲೆ ಯಾರೂ ಕೇಳಂಗಿಲ್ಲ, ಸಾರ್. ಎಲ್ಲಾ ಊಟಕ್ಕೆ ಎದ್ದು ಹೋಗ್ತಾರೆ."

"ಕೂಡು. ಪದ್ಯ ನಿನಗೆ ತಿಳೀತು," ಎಂದರು ಮೇಷ್ಟ್ರು.

ಅದೇ ಚಳಿಗಾಲದಲ್ಲಿ ದಾವಣಗೆರೆಯ ಆನೆಕೊಂಡದಿಂದ ಸಂಬಂಧ ಬಂತು. ವರ ಗುತ್ತೆಪ್ಪ, ಹತ್ತಿ ಗಿರಣಿಯಲ್ಲಿ ಕೆಲಸ. ಅವನ ಅಜ್ಜಿ ಹಾಸಿಗೆ ಹಿಡಿದಿದ್ದರಿಂದ ಮದುವೆ ಪರೀಕ್ಷೆಗೆ ಮುಂಚೆಯೇ ಆಗಬೇಕಿತ್ತು. ಭರಮಣ್ಣ ಒಂದೇ ಮಾತು ಕೇಳಿಕೊಂಡರು: ಮಗಳು ಪರೀಕ್ಷೆ ಬರೆಯಲಿ. ವರನ ತಂದೆ ಮೈಲಪ್ಪ ತಾಂಬೂಲದ ತಟ್ಟೆಯ ಎಲೆ ಮುಟ್ಟಿ, "ಬರೀಲಿ ಬಿಡ್ರಿ, ನಮಗೇನು ಭಾರ" ಎಂದರು. ಬಾಗಿಲ ಹಿಂದೆ ನಿಂತಿದ್ದ ಉಡಚಮ್ಮ ಅದನ್ನು ಕೇಳಿಸಿಕೊಂಡಿದ್ದಳು.

ಲಗ್ನಪತ್ರಿಕೆ ಹಂಚಿ ಮುಗಿಯುವ ಹೊತ್ತಿಗೆ ಆನೆಕೊಂಡದಿಂದ ನೆಂಟರೊಬ್ಬರ ಬಾಯಲ್ಲಿ ಬೇರೆ ಸುದ್ದಿ ಬಂತು. ವರನ ತಾಯಿ ಕರಿಯವ್ವನಿಗೆ ಮನಸ್ಸಿಲ್ಲ. ಮನೆ ತುಂಬಿದ ಸೊಸೆ ಮತ್ತೆ ಹೊಸ್ತಿಲು ದಾಟಿ ಶಾಲೆಗೆ ಹೋಗುವುದು ಬ್ಯಾಡವಂತೆ. ಮೈಲಪ್ಪ ಏನೂ ಅಂದಿಲ್ಲ.

"ಅಪ್ಪಾ, ಎಲೆ ಮುಟ್ಟಿ ಮಾತು ಕೊಟ್ಟಿದ್ದರಲ್ಲ. ಅವರನ್ನೇ ಒಂದು ಮಾತು ಕೇಳು," ಎಂದಳು ಮಗಳು.

"ಹೆಣ್ಣಿನ ಕಡೇರು ನಾವು. ಚಪ್ಪರ ಹಾಕಿದ ಮ್ಯಾಲೆ ಜಗಳ ತೆಗೀಲೇನು? ಅಕ್ಷತೆ ಬೀಳಲಿ, ಆಮ್ಯಾಲೆ ನೋಡಾಣ."

ಅಕ್ಷತೆ ಬಿದ್ದ ಮೇಲೆ ನೋಡುವುದಕ್ಕೆ ಏನೂ ಉಳಿಯುವುದಿಲ್ಲವೆಂದು ಉಡಚಮ್ಮನಿಗೆ ಗೊತ್ತಿತ್ತು. ಹೊಸ ಸೊಸೆ ಮಾವನೆದುರು ಬಾಯಿ ಬಿಡುವಂತಿಲ್ಲ. ಬಾಯಿ ಬಿಡಬಹುದಾದ ಜಾಗ ಒಂದೇ ಇತ್ತು, ಒಡಪು ಹೇಳಿಸುವ ಹೊಸ್ತಿಲು. ಅಲ್ಲಿ ಬಾಯಿ ಬಿಡದಿದ್ದರೆ ಜನ ಬಿಡುತ್ತಿರಲಿಲ್ಲ. ಅರಿಷಿಣ ಹಚ್ಚಿಸಿಕೊಳ್ಳುತ್ತ ಕೂತ ದಿನಗಳಲ್ಲಿ ಅವಳು ಮನಸ್ಸಿನಲ್ಲೇ ಸಾಲು ಕಟ್ಟಿದಳು. ಯಾರಿಗೂ ಹೇಳಲಿಲ್ಲ.

1962ರ ಫೆಬ್ರವರಿಯಲ್ಲಿ ಹರಿಹರದಲ್ಲಿ ಮದುವೆಯಾಯಿತು. ಮರುದಿನ ಮುಂಜಾನೆ ದಿಬ್ಬಣ ಆನೆಕೊಂಡ ತಲುಪಿತು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು. ಅದರಾಚೆ, ಎರಡೂ ಕೈ ಚಾಚಿ ಬಾಗಿಲು ಅಡ್ಡಗಟ್ಟಿ ನಿಂತವಳು ಗುತ್ತೆಪ್ಪನ ತಂಗಿ ಓಬವ್ವ. ಗುತ್ತೆಪ್ಪ ಗೆಳೆಯರು ಹೇಳಿಕೊಟ್ಟಿದ್ದ ಒಡಪನ್ನು ಒಂದೇ ಉಸಿರಿಗೆ ಹೇಳಿ ಪಾರಾದ.

"ನೀನು ಹೇಳು, ಅತ್ತಿಗೆ. ಓದಿದಾಕಿ ಅಂತೀಯ, ಸಣ್ಣದು ಹೇಳಿದ್ರೆ ಬಿಡಂಗಿಲ್ಲ ಮತ್ತೆ."

ಉಡಚಮ್ಮ ತಲೆ ಎತ್ತದೆ ಶುರುಮಾಡಿದಳು.

ಹೊಳೆದಂಡೆ ಬಿಟ್ಟು ಬಂದು ಹೊಸ್ತಿಲಲ್ಲಿ ನಿಂತೆ,
ಎಲೆ ಮುಟ್ಟಿ ಮಾವ ಅಂದ ಮಾತು ಜತೆಗೈತೆ.
ಎಲೆ ಬಾಡಿದರೂ ಮಾತು ಬಾಡಬಾರದಪ್ಪ,
ಮೊದಲು ಮಾತು ಒಳಗೆ ಬರಲಿ, ಆಮ್ಯಾಲೆ...

ಅಲ್ಲಿಗೆ ನಿಲ್ಲಿಸಿದಳು.

ಪ್ರಾಸ ಎಲ್ಲರ ಕಿವಿಯಲ್ಲೂ ಹೆಸರಿಗಾಗಿ ಕಾಯುತ್ತಿತ್ತು. ಹೆಸರು ಬರಲಿಲ್ಲ.

"ಹೆಸರು ಎಲ್ಲಿ ನುಂಗಿದೆ?" ಎಂದು ಓಬವ್ವ ನಕ್ಕಳು. ಯಾರೂ ಜತೆಗೂಡದ ಕಾರಣ ಅವಳ ನಗುವೂ ಅಷ್ಟಕ್ಕೇ ನಿಂತಿತು. ಅಂಗಳದಲ್ಲಿದ್ದ ಒಬ್ಬ ಮುದುಕಿ, "ಯಾವ ಮಾತವ್ವ ಅದು, ಮೈಲಪ್ಪ ಅಂದಿದ್ದು?" ಎಂದು ಕೇಳಿದಳು. ಜನ ಒಬ್ಬೊಬ್ಬರಾಗಿ ಚಪ್ಪರದ ಕಂಬಕ್ಕೆ ಒರಗಿದ್ದ ಮೈಲಪ್ಪನವರ ಕಡೆ ತಿರುಗಿದರು.

ಆರತಿ ತಟ್ಟೆ ಹಿಡಿದಿದ್ದ ಕರಿಯವ್ವ ಒಳಗಿನಿಂದಲೇ, "ಒಳಗೆ ಕಾಲಿಡಾಕ ಮೊದಲೇ ಜಮಾಬಂದಿ ಮಾಡಿ ಲೆಕ್ಕ ಕೇಳ್ತಾಳಲ್ಲ ಈಕಿ. ರಾಹುಕಾಲ ಬರತೈತೆ, ಹೆಸರು ಹೇಳಿಸ್ರಿ" ಎಂದಳು. ಗುತ್ತೆಪ್ಪ ಬಾಸಿಂಗದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತಿದ್ದ.

ಹಿಂದಿನಿಂದ, ದಿಬ್ಬಣದ ಜತೆ ಬಂದಿದ್ದ ಭರಮಣ್ಣನವರ ದನಿ ಕೇಳಿತು: "ಹೇಳಿಬಿಡು, ಮಗಾ. ನನ್ನ ಮರ್ಯಾದಿ ತೆಗೀಬ್ಯಾಡ."

ಮಾವ ಆ ಮಾತನ್ನೇ ಅಲ್ಲಗಳೆದರೆ ತನ್ನನ್ನು ತವರಿಗೆ ತಿರುಗಿ ಕಳಿಸಬಹುದು; ಮುಂದೆ ಪರೀಕ್ಷೆಯ ಜತೆಗೆ ಸಂಸಾರವೂ ಇಲ್ಲ. ಆ ಕ್ಷಣದಲ್ಲಿ ಅದೆಲ್ಲ ತನಗೆ ಹೊಳೆದಿತ್ತೆಂದು ಉಡಚಮ್ಮನವರು ಈಗ ನೆನೆದು ಹೇಳುತ್ತಾರೆ. ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಬಿಟ್ಟುಕೊಟ್ಟರೆ ಎಲ್ಲರೂ ಊಟಕ್ಕೆ ಏಳುತ್ತಾರೆ ಎಂಬುದೂ ನೆನಪಿತ್ತು. ಅವಳು ಬಾಯಿ ತೆರೆಯಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತರು ಎಂಬ ಬಗ್ಗೆ ಅವರದೂ ಓಬವ್ವನವರದೂ ಹೇಳಿಕೆಗಳು ಕೂಡುವುದಿಲ್ಲ. ಅಕ್ಷತೆಯ ಅರಿಷಿಣ ಅಂಗೈಯಲ್ಲಿ ಬೆವರಿಗೆ ಕರಗಿ ಇಳಿಯುವಷ್ಟು ಹೊತ್ತು ಎನ್ನುತ್ತಾರೆ ಉಡಚಮ್ಮನವರು. ಬೇರೆಯಾಗಿ ಕೇಳಿದಾಗ ಓಬವ್ವನವರು, "ಹಾಲು ಉಕ್ಕುವಷ್ಟು ಹೊತ್ತು, ಅಷ್ಟೇ" ಎಂದರು.

ಕೊನೆಗೆ ಮೈಲಪ್ಪ ಕಂಬ ಬಿಟ್ಟು ಮುಂದೆ ಬಂದರು. ಸೊಸೆಯನ್ನು ನೋಡಲಿಲ್ಲ, ಕೇಳಿದ ಮುದುಕಿಗೇ ಉತ್ತರ ಕೊಟ್ಟರು.

"ಪರೀಕ್ಷೆ ಬರೀಲಿ ಅಂದಿದ್ದೆ, ದೊಡ್ಡವ್ವ. ಎಲೆ ಮುಟ್ಟಿ ಅಂದಿದ್ದೆ. ಆಮ್ಯಾಲೆ ಮನ್ಯಾಗೆ ಬ್ಯಾಡ ಅಂದ್ರು, ಸುಮ್ಮನಾದೆ." ಆಮೇಲೆ ಸೊಸೆಗೆ, "ಬರೀಲಿ. ಹೇಳವ್ವ ಹೆಸರು, ಜನ ಹಸಿದಾರೆ" ಎಂದರು.

ಉಡಚಮ್ಮ ಸಾಲು ತಿದ್ದಿ ಮುಗಿಸಿದಳು:

ಮೊದಲು ಮಾತು ಒಳಗೆ ಬಂತು, ಆಮ್ಯಾಲೆ ನನ್ನ ಗುತ್ತೆಪ್ಪ.

ಓಬವ್ವ ಕೈ ಇಳಿಸಿದಳು. ಸೇರಿನ ಅಕ್ಕಿ ಒಳಕ್ಕೆ ಚೆಲ್ಲಿತು. ಕರಿಯವ್ವ ಆರತಿ ಎತ್ತಿದಳು. ಆದರೆ ಪರೀಕ್ಷೆ ಮುಗಿಯುವವರೆಗೆ ಸೊಸೆಯೊಂದಿಗೆ ಮಾತಾಡಲಿಲ್ಲ. ಬೇಕಾದ್ದನ್ನೆಲ್ಲ ಓಬವ್ವನ ಮೂಲಕ ಹೇಳಿಸುತ್ತಿದ್ದಳು. ಒಂದೇ ಪಡಸಾಲೆಯಲ್ಲಿ ಕೂತು, "ಉಪ್ಪು ಕೊಡು ಅಂತ ನಿಮ್ಮ ಅತ್ತಿಗೆಗೆ ಹೇಳು" ಎಂದು ಮಗಳಿಗೆ ಹೇಳುವಳು. ಉಡಚಮ್ಮ ರೊಟ್ಟಿ ಬಡಿಯುತ್ತ ಪದ್ಯ ಓದಿಕೊಂಡಳು.

ಪರೀಕ್ಷೆಯ ಮೊದಲ ಬೆಳಗ್ಗೆ ಮೈಲಪ್ಪನವರೇ ಸೊಸೆಯನ್ನು ರೈಲಿನಲ್ಲಿ ಹರಿಹರಕ್ಕೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ಕೂತಿದ್ದವರು ಶಾಲೆಯ ಗೇಟಿನ ಬಳಿ ನಿಂತು ಕೇಳಿದರು.

"ಇವತ್ತು ಯಾವುದು?"

"ಕನ್ನಡ, ಮಾವ."

"ಹಂಗಾದ್ರೆ ನೋಡವ್ವ," ಎಂದರು ಮೈಲಪ್ಪ, ಹೆಗಲ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ, "ಇಲ್ಲಿ ಮಾತ್ರ ಕೊನೇ ಸಾಲು ತಡೀಬ್ಯಾಡ. ಪೂರ್ತಿ ಬರಿ."